ಮೂಗು ಅಳೆದದ್ದು ಸಾಕು

ನಮ್ಮನ್ನು ಅಳೆದವರು ಬಹಳ ಮಂದಿ. 1901ರ ಜನಗಣತಿಯ ಬ್ರಿಟಿಷ್ ಅಧಿಕಾರಿ ರಿಸ್ಲಿ, ಮೂಗು ಅಳೆದು ಜಾತಿಯ ಮೇಲು ಕೀಳಿಗೆ ರಕ್ತದ ಮುದ್ರೆ ಒತ್ತಿದ. 1948ರ ಪುಸ್ತಕದಲ್ಲಿ ಬಾಬಾಸಾಹೇಬರು ಅದೇ ಮೂಗಿನ ಲೆಕ್ಕ ಮುಂದಿಟ್ಟು, ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗವೆಂದು ವಾದಿಸಿದರು. ಮಾನವಶಾಸ್ತ್ರ ಯಾರ ಕೈಲಿದೆ, ಅದೇ ಪ್ರಶ್ನೆ.

ರಕ್ತ ಒಂದೇ ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲಿ ಹೊತ್ತು ಮೂಡುವ ಮುಂಚೆ ಪೊರಕೆ ಹಿಡಿದವರು ಬಹುಪಾಲು ನಮ್ಮ ಹೆಣ್ಣುಮಕ್ಕಳೇ ಯಾಕೆ? ಬಸವಣ್ಣನ ಹೆಸರು ಬಡಾವಣೆಗೆ ಬಂತು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಮಾತು ಕಸದ ಗಾಡಿಯವರೆಗೆ ಬರಲಿಲ್ಲ.

2025ರ ಮೇ ದಿನದಂದು ಬೆಂಗಳೂರಿನ ಸಾವಿರಾರು ಪೌರಕಾರ್ಮಿಕರಿಗೆ ಕಾಯಂ ಆದೇಶ ಸಿಕ್ಕಿತು. ಹೋರಾಡಿ ಪಡೆದದ್ದು, ಯಾರ ಭಿಕ್ಷೆಯೂ ಅಲ್ಲ. ಆದರೆ ಕೆಲಸದ ಜೊತೆ ಪೊರಕೆಯೂ ನಮ್ಮ ಕೇರಿಗೇ ಕಾಯಂ ಆಗಬೇಕೇನ್ರಿ?

ಪಂಡಿತರೇ, ನಮ್ಮ ದೇವರು, ಮದುವೆ, ಕುಣಿತ ಬರೆದುಕೊಂಡದ್ದು ಸಾಕು. ಗುಡಿಸುವ ಅಕ್ಕನ ಪಕ್ಕ ಕೂತು ಕೇಳಿ: ಯಾವ ಮನೆಯವರು ಕುಡಿಯೋಕೆ ನೀರು ಕೊಡಲಿಲ್ಲ? ಮಗಳು ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟಳು? ಓದಿದ ಮಗನಿಗೆ ಕೆಲಸ ಕೊಡದವರು ಯಾರು? ಕೇಳಿದ್ದನ್ನು ವಿಧಾನಸೌಧದ ಮೇಜಿಗೆ ಒಯ್ಯಿರಿ. ಹಾಸ್ಟೆಲು, ಸಾಲ, ಬಡ್ತಿ, ಮೀಸಲಾತಿ ಎಲ್ಲವೂ ಆ ಉತ್ತರಗಳಿಂದ ಹುಟ್ಟಲಿ. ಅಲ್ಲಿಯವರೆಗೆ ನಿಮ್ಮ ಶಾಸ್ತ್ರ ನಮ್ಮ ಮೂಗಿನ ಮೇಲಿನ ಅಳತೆಪಟ್ಟಿಯೇ.