ಎಲ್‌ಇಡಿ ಹಾಕಿಸಿದ ಮೇಲೆ ಇಂಡಿಕೇಟರ್ ಪಟಪಟ ಎನ್ನುವುದೇಕೆ?

ಬೈಕಿಗೆ ಎಲ್‌ಇಡಿ ಇಂಡಿಕೇಟರ್ ಹಾಕಿಸಿ ಸ್ವಿಚ್ ಒತ್ತಿದರೆ ಪಟಪಟನೆ ಮಿನುಗುತ್ತದೆ, ಇಲ್ಲವೇ ಮಿನುಗದೆ ಸುಮ್ಮನೆ ಉರಿಯುತ್ತದೆ. ‘ಬ್ಯಾಟರಿ ವೀಕ್’, ‘ಎಲ್‌ಇಡಿ ಡೂಪ್ಲಿಕೇಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಎರಡೂ ಕಾರಣವಲ್ಲ.

ಮಿನುಗಿಸುವ ಕೆಲಸ ಫ್ಲ್ಯಾಷರ್ ರಿಲೇಯದು. ಹಳೆಯ ಬಗೆಯ ರಿಲೇ ತನ್ನಲ್ಲಿ ಹರಿಯುವ ಕರೆಂಟಿಗೆ ತಕ್ಕಂತೆ ನಡೆಯುತ್ತದೆ. ಒಂದು ಬದಿಯ 10 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಎಳೆಯುತ್ತವೆ. ಎಲ್‌ಇಡಿಗೆ ಬೇಕಾದದ್ದು ತೀರಾ ಕಡಿಮೆ. ರಿಲೇಗೆ ಇದು ಬಲ್ಬು ಸುಟ್ಟುಹೋದಂತೆಯೇ! ಬಲ್ಬು ಹೋದದ್ದು ಸವಾರನಿಗೆ ಗೊತ್ತಾಗಲೆಂದು ಆಗ ಬೇಗ ಮಿನುಗುತ್ತದೆ.

ಎಲ್‌ಇಡಿಗೆಂದೇ ಸಿಗುವ ಎಲೆಕ್ಟ್ರಾನಿಕ್ ರಿಲೇ ಹಾಕಿಸಿ. ಕೆಲವರು ಲೋಡ್ ರೆಸಿಸ್ಟರ್ ಹಾಕುತ್ತಾರೆ. ಉಳಿಸಿದ ವಿದ್ಯುತ್ತನ್ನು ಅದು ಶಾಖವಾಗಿ ಕಳೆಯುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗಿಸಿಯೂ ಬಿಡಬಹುದು. ನನಗಂತೂ ಅದು ಇಷ್ಟವಿಲ್ಲ.

ರಿಲೇ ಬದಲಿಸಿದ ಮೇಲೂ ನಾಲ್ಕೂ ಒಟ್ಟಿಗೆ ಮಿನುಗುತ್ತಿವೆಯೇ? ಮೀಟರಿನಲ್ಲಿ ಎರಡೂ ಬದಿಗೆ ಒಂದೇ ಸೂಚಕ ದೀಪವಿರುವ ಬೈಕುಗಳ ತೊಂದರೆ ಇದು. ಆ ದೀಪದ ಮೂಲಕ ಚೂರು ಕರೆಂಟು ಇನ್ನೊಂದು ಬದಿಗೆ ನುಸುಳುತ್ತದೆ. ಎಲ್‌ಇಡಿ ಉರಿಯಲು ಅಷ್ಟೇ ಸಾಕು. ದೀಪದ ಒಂದು ತುದಿಗೆ ಎರಡು ಡಯೋಡ್ ಹಾಕಿಸಿ, ಇನ್ನೊಂದನ್ನು ಅರ್ಥ್‌ಗೆ ಕೊಡಿಸಿದರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಗಾಡಿ ರಸ್ತೆಗಿಳಿಸಬೇಡಿ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಎಂಬುದು ಹಿಂದಿನ ಲಾರಿಯವರಿಗೆ ತಿಳಿಯುವುದೇ ಇಲ್ಲ.