ಒಲ್ಲೆನೆಂಬ ಮಾತಿನ ಬೆಲೆ

ಐತಿಹಾಸಿಕ ಪ್ರಣಯಕಾದಂಬರಿಯೆಂದೊಡನೆ ಮೂಗು ಮುರಿಯುವುದು ನಮ್ಮ ಅಧ್ಯಾಪಕವರ್ಗದ ರೂಢಿ. ಆಂಗ್ಲ ಲೇಖಕಿ ಜಾರ್ಜೆಟ್ ಹೇಯರ್ 1932ರಲ್ಲಿ ಪ್ರಕಟಿಸಿದ ‘ಡೆವಿಲ್ಸ್ ಕಬ್’ ಆ ರೂಢಿಯನ್ನು ಮರುವಿಮರ್ಶಿಸುವಂತೆ ಮಾಡುತ್ತದೆ.

ಕಥೆ ಹದಿನೆಂಟನೆಯ ಶತಮಾನದ ಉತ್ತರಾರ್ಧದ್ದು. ಜೂಜು, ದ್ವಂದ್ವಯುದ್ಧಗಳಲ್ಲಿ ಮೆರೆಯುವ ಡ್ಯೂಕನ ಮಗ ವಿಡಾಲ್, ತಂಗಿಯನ್ನು ಉಳಿಸಲೆಂದು ಅವಳ ಬದಲಿಗೆ ಬಂದ ಮೇರಿ ಚಾಲನರಳನ್ನು ರೋಷದಿಂದ ಫ್ರಾನ್ಸಿಗೆ ಎಳೆದೊಯ್ಯುತ್ತಾನೆ. ಡಿಯೆಪ್ ಬಂದರಿನಲ್ಲಿ ಅವನು ಬಲಾತ್ಕಾರಕ್ಕೆ ಮುಂದಾದಾಗ ಅವಳು ಪಿಸ್ತೂಲು ಹಾರಿಸುತ್ತಾಳೆ. ಆಕೆ ಎಂಥವಳೆಂದು ಅರಿತ ಅವನು ವಿವಾಹವಾಗುವೆನೆಂದರೆ, ಒಲ್ಲೆನೆನ್ನುತ್ತಾಳೆ.

ಆ ಗುಂಡಿಗಿಂತ ಈ ನಿರಾಕರಣೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಅಂದಿನ ಇಂಗ್ಲೆಂಡಿನಲ್ಲಿ ಹೀಗೆ ಮನೆಬಿಟ್ಟು ಹೋದ ಹೆಣ್ಣಿಗೆ ಮಾನ ಮರಳುವ ದಾರಿ ವಿವಾಹವೊಂದೇ. ಆದರೆ ವಿವಾಹಿತೆಯ ಸ್ವತ್ತು ಗಂಡನ ವಶವಾಗುತ್ತಿತ್ತು. ಆ ಕಟ್ಟು ಸಡಿಲಿದ್ದು 1870 ಮತ್ತು 1882ರ ಶಾಸನಗಳಿಂದ. ಬರಿಯ ಕರ್ತವ್ಯಕ್ಕಾಗಿ ಚಾಚಿದ ಕೈಯನ್ನು ಹಿಡಿಯಲಾರೆನೆಂದು ಮೇರಿ ತನ್ನ ಬಾಳನ್ನೇ ಪಣಕ್ಕಿಡುತ್ತಾಳೆ. ಸ್ತ್ರೀಯರಿಗೆ ಪುರುಷರಷ್ಟೇ ಮತಾಧಿಕಾರವನ್ನು 1928ರಲ್ಲಿ ಕೊಟ್ಟ ದೇಶದ ಓದುಗರು ನಾಲ್ಕೇ ವರ್ಷಗಳ ಬಳಿಕ ಈ ನಾಯಿಕೆಯನ್ನು ಕಂಡರು.

ಹಾಗೆಂದು ಕೃತಿಯ ಕೊರತೆಯನ್ನು ಮುಚ್ಚಲಾಗದು. ಅಪಹರಿಸಿದವನನ್ನೇ ಅವಳು ಕಡೆಗೆ ವರಿಸುತ್ತಾಳೆ; ಒಲವಿನ ಭರದಲ್ಲಿ ಅವನ ಅಪರಾಧ ಯೌವನದ ಪುಂಡಾಟವಾಗಿ ಕರಗಿಹೋಗುತ್ತದೆ. ಮನೆತನ, ಐಶ್ವರ್ಯಗಳಿಲ್ಲದವನಿಗೆ ಈ ಕ್ಷಮೆ ದೊರೆಯುತ್ತಿತ್ತೆ? ನಮ್ಮ ವಿದ್ಯಾರ್ಥಿಗಳು ಇಂಥ ಕಾದಂಬರಿಗಳನ್ನು ಓದಲಿ. ಓದುತ್ತ ಮೇರಿಯ ದಿಟ್ಟತನವನ್ನು ಮೆಚ್ಚಲಿ, ಈ ಪ್ರಶ್ನೆಯನ್ನೂ ಕೇಳಲಿ. ಪುಸ್ತಕವನ್ನು ಕೈಯಿಂದ ಕಸಿದುಕೊಂಡರೆ ಈ ವಿವೇಕ ಬಾರದು. ತರಗತಿಯಲ್ಲಿ ಅದನ್ನು ತೆರೆದು ಚರ್ಚಿಸುವ ಹೊಣೆ ಅಧ್ಯಾಪಕರಾದ ನಮ್ಮದು.