ಅಂಡಾಶಯದ ಕ್ಯಾನ್ಸರ್: ಯಾದಗಿರಿ ಮಹಿಳೆಯರಿಗೆ ಕಾಲವೇ ನಿರ್ಣಾಯಕ

ಯಾದಗಿರಿ: ಅಂಡಾಶಯದ ಕ್ಯಾನ್ಸರ್‌ಗೆ ತುತ್ತಾದ ಮಹಿಳೆ ಎಷ್ಟು ಕಾಲ ಬದುಕಬಲ್ಲಳು ಎಂಬುದನ್ನು ಅಂದಾಜು ಮಾಡಲು ವೈದ್ಯರು ಹಲವು ಅಂಶಗಳನ್ನು ಪರಿಗಣಿಸುತ್ತಾರೆ. ರೋಗದ ಹಂತ, ಗಡ್ಡೆಯ ಬಗೆ, ಶಸ್ತ್ರಚಿಕಿತ್ಸೆಯ ನಂತರ ಉಳಿದ ಗಡ್ಡೆಯ ಪ್ರಮಾಣ, ರೋಗಿಯ ವಯಸ್ಸು ಮತ್ತು ದೇಹಸ್ಥಿತಿ ಅವುಗಳಲ್ಲಿ ಮುಖ್ಯವಾದವು. ಯಾದಗಿರಿ, ಶಹಾಪುರ, ಸುರಪುರ ಭಾಗದ ಮಹಿಳೆಯರ ಮಟ್ಟಿಗೆ ಇವುಗಳಲ್ಲಿ ಅತ್ಯಂತ ನಿರ್ಣಾಯಕವಾದ ಎರಡು ಅಂಶಗಳು ಕಾಲ ಮತ್ತು ದೂರವನ್ನು ಅವಲಂಬಿಸಿವೆ.

ಮೊದಲನೆಯದು ಹಂತ. ಅಮೆರಿಕದ ಅಂಕಿಅಂಶಗಳ ಪ್ರಕಾರ, ರೋಗ ಅಂಡಾಶಯಕ್ಕೆ ಸೀಮಿತವಾಗಿದ್ದಾಗಲೇ ಪತ್ತೆಯಾದರೆ ಶೇ 90ಕ್ಕೂ ಹೆಚ್ಚು ಮಂದಿ 5 ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಈ ಪ್ರಮಾಣ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಆದರೆ ಹೆಚ್ಚಿನವರಲ್ಲಿ ಪತ್ತೆಯಾಗುವುದು ಹರಡಿದ ನಂತರವೇ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ ವಿಸರ್ಜನೆ ಇದರ ಲಕ್ಷಣಗಳು. ಇವನ್ನು ಗ್ಯಾಸ್ ಎಂದು ಭಾವಿಸಿ ಗುಳಿಗೆ ನುಂಗುತ್ತಲೇ ತಿಂಗಳುಗಳು ಉರುಳುತ್ತವೆ.

ರೋಗಲಕ್ಷಣವಿಲ್ಲದವರ ಸಾಮೂಹಿಕ ತಪಾಸಣೆ ಇದಕ್ಕೆ ಪರಿಹಾರವಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ವರದಿಯಂತೆ, ಸಿಎ-125 ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಸಾವಿನ ಪ್ರಮಾಣವನ್ನು ತಗ್ಗಿಸಲಿಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮವೂ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗೆ ಸೀಮಿತ. ಲಕ್ಷಣ ವಾರಗಟ್ಟಲೆ ಮುಂದುವರಿದವರನ್ನು ತಡಮಾಡದೆ ಪರೀಕ್ಷೆಗೆ ಕಳುಹಿಸುವುದೊಂದೇ ದಾರಿ.

ಎರಡನೆಯದು ಶಸ್ತ್ರಚಿಕಿತ್ಸೆ. ಕಣ್ಣಿಗೆ ಕಾಣುವ ಗಡ್ಡೆ ಒಂದಿಷ್ಟೂ ಉಳಿಯದಂತೆ ತೆಗೆದರೆ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. ಇದಕ್ಕೆ ಸ್ತ್ರೀಯರ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರಾದವರೇ ಬೇಕು. ಸಾಮಾನ್ಯ ಗಡ್ಡೆಯೆಂದು ಊರಿನಲ್ಲೇ ಮಾಡಿಸಿದ ಶಸ್ತ್ರಚಿಕಿತ್ಸೆ ಅಪೂರ್ಣವಾದರೆ ಮತ್ತೊಮ್ಮೆ ಹೊಟ್ಟೆ ಕೊಯ್ಯಬೇಕಾದೀತು.

ಈ ಭಾಗದವರಿಗೆ ಹತ್ತಿರದ ಆಸರೆ ಕಲಬುರಗಿಯಲ್ಲಿರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಘಟಕ. ಕಿಮೊಥೆರಪಿಯನ್ನು ಸಾಮಾನ್ಯವಾಗಿ 3 ವಾರಕ್ಕೊಮ್ಮೆ, 6 ಬಾರಿ ನೀಡಲಾಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡವರ ಚಿಕಿತ್ಸೆಯ ವೆಚ್ಚ ಭರಿಸಬಹುದು. ಸುರಪುರದ ಕೂಲಿಕಾರ್ಮಿಕ ಮಹಿಳೆ ಕಳೆದುಕೊಳ್ಳುವ ದಿನಗೂಲಿಯನ್ನಲ್ಲ. ದುಡಿಮೆಗಾಗಿ ಬೆಂಗಳೂರು, ಮುಂಬೈಗೆ ಗುಳೆ ಹೋಗುವ ಕುಟುಂಬಗಳಲ್ಲಿ ಚಿಕಿತ್ಸೆ ಅರ್ಧಕ್ಕೇ ನಿಲ್ಲುವ ಅಪಾಯವೂ ಇದೆ.

ವಯಸ್ಸನ್ನಾಗಲಿ ಗಡ್ಡೆಯ ಬಗೆಯನ್ನಾಗಲಿ ಯಾರೂ ಬದಲಿಸಲಾರರು. ಆದರೆ ಹಂತ ಮತ್ತು ಶಸ್ತ್ರಚಿಕಿತ್ಸೆಯ ಗುಣಮಟ್ಟವನ್ನು ಆಡಳಿತ ಬದಲಿಸಬಲ್ಲದು. 2009ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಜಿಲ್ಲೆಯಾದ ಯಾದಗಿರಿ ಇಂದು ವೈದ್ಯಕೀಯ ಕಾಲೇಜನ್ನೂ ಪಡೆದಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಕಾಲಿಕ ಸ್ಕ್ಯಾನಿಂಗ್, ಅನುಮಾನವಿದ್ದವರನ್ನು ನೇರವಾಗಿ ತಜ್ಞರಿಗೆ ಒಪ್ಪಿಸುವ ವ್ಯವಸ್ಥೆ ಮತ್ತು ಕಿಮೊಥೆರಪಿ ಜಿಲ್ಲೆಯಲ್ಲೇ ದೊರೆಯುವಂತಾಗುವುದು ಮುಂದಿನ ಹೆಜ್ಜೆಯಾಗಬೇಕಿದೆ.